ಫ್ಯೂಯೆಲ್ ಸೆಲ್ ಗಾಡಿಯ ನೀರಿನ ಬಿಸಿ ಹಿಡಿತಕ್ಕೆ ಯಾವುದು? ಕಲಬುರಗಿ ಬಿಸಿಲಿನಲ್ಲಿ ಮೂರರ ಹೋಲಿಕೆ

ಮೊದಲೇ ಹೇಳಿಬಿಡುತ್ತೇನೆ: ಮೋಟರ್‌ನಿಂದ ತಿರುಗುವ ಮೂರು ದಾರಿಯ ವಾಲ್ವ್ ಹಾಕಿ, ಅಂದರೆ ಎಷ್ಟು ನೀರು ರೇಡಿಯೇಟರ್‌ಗೆ ಹೋಗಬೇಕು, ಎಷ್ಟು ತಣಿಯದೆ ಹಾಗೇ ಮರಳಬೇಕು ಎಂದು ಹಂಚುವಂಥದ್ದು. 5 ಕಿಲೋವ್ಯಾಟ್ ಸ್ಟ್ಯಾಕ್‌ನ (ಹೈಡ್ರೋಜನ್‌ನಿಂದ ವಿದ್ಯುತ್ ಹುಟ್ಟಿಸುವ ಸೆಲ್‌ಗಳ ಜೋಡಣೆ) ಸಣ್ಣ ಸರಕು ಗಾಡಿಯಲ್ಲಿ ಮೇಣದ ಥರ್ಮೋಸ್ಟ್ಯಾಟ್, ಬರೀ ಪಂಪ್-ಫ್ಯಾನ್ ವೇಗ, ಈ ವಾಲ್ವ್, ಮೂರನ್ನೂ ನೋಡಿ ಹೇಳುತ್ತಿರುವ ಮಾತಿದು.

ಡೀಸೆಲ್ ಎಂಜಿನ್ ಶಾಖದ ದೊಡ್ಡ ಪಾಲನ್ನು ಸೈಲೆನ್ಸರ್ ದಾರಿಯಲ್ಲೇ ಹೊರಹಾಕುತ್ತದೆ. ಸ್ಟ್ಯಾಕ್‌ಗೆ ಆ ಅನುಕೂಲ ಇಲ್ಲ, ಹೆಚ್ಚುಕಮ್ಮಿ ಎಲ್ಲವನ್ನೂ ನೀರೇ ಹೊರಬೇಕು. ಸೆಲ್ 0.65 ವೋಲ್ಟ್‌ನಲ್ಲಿದ್ದರೆ 5 ಕಿಲೋವ್ಯಾಟ್ ವಿದ್ಯುತ್ತಿನ ಜೊತೆ ಸುಮಾರು 4.6 ಕಿಲೋವ್ಯಾಟ್ ಶಾಖ ಹುಟ್ಟುತ್ತದೆ. ಹೊರಗೆ ಮೇ ತಿಂಗಳ 43 ಡಿಗ್ರಿ ಇದ್ದಾಗ 95 ಡಿಗ್ರಿಯ ಎಂಜಿನ್‌ಗೆ 52 ಡಿಗ್ರಿ ಅಂತರ ಸಿಗುತ್ತದೆ, 70 ಡಿಗ್ರಿಯ ಸ್ಟ್ಯಾಕ್‌ಗೆ ಬರೀ 27. ಹಾಗಾಗಿ ಯಾವ ಪದ್ಧತಿ ಆರಿಸಿದರೂ ರೇಡಿಯೇಟರ್‌ನಲ್ಲಿ ಜಿಪುಣತನ ಬೇಡ.

ಮೇಣದ ಥರ್ಮೋಸ್ಟ್ಯಾಟ್ ಅಗ್ಗ, ವೈರಿನ ಗೊಡವೆ ಇಲ್ಲ. ಆದರೆ ಅಂಗಡಿಯಲ್ಲಿ ಸುಲಭವಾಗಿ ಸಿಗುವುದು 82 ಡಿಗ್ರಿಯ ಆಸುಪಾಸು ಬಾಯಿಬಿಡುವ ಎಂಜಿನ್ ಮಾಲು. ಅಷ್ಟು ಬಿಸಿಗೆ ಸ್ಟ್ಯಾಕ್‌ನ ಸೆಲ್‌ಗಳೊಳಗೆ ತೇವವಾಗಿರಬೇಕಾದ ಪೊರೆ ಒಣಗುತ್ತದೆ. ಕಡಿಮೆ ಡಿಗ್ರಿಯದು ತಂದರೂ ಪೂರ್ತಿ ತೆರೆಯಲು ಇನ್ನೂ 10-15 ಡಿಗ್ರಿ ಏರಬೇಕು. ಜೊತೆಗೆ ಹಿತ್ತಾಳೆ ಭಾಗಗಳು ನೀರಿಗೆ ತಾಮ್ರ ಬಿಡುತ್ತವೆ. ನೀರಿನ ವಾಹಕತೆ (ವಿದ್ಯುತ್ ಹರಿಯಗೊಡುವ ಗುಣ) ಸೆಂಟಿಮೀಟರಿಗೆ 5 ಮೈಕ್ರೋಸೀಮೆನ್ಸ್ ಒಳಗಿರಬೇಕಾದ ಕಡೆ ಅದು ನಡೆಯುವುದಿಲ್ಲ.

ಬರೀ ಪಂಪ್-ಫ್ಯಾನ್ ಪದ್ಧತಿ ಬೇಸಿಗೆಗೆ ಸಾಕು. ಬೀದರ್‌ನ ಡಿಸೆಂಬರ್ ಬೆಳಗಿಗೆ ಸೋಲುತ್ತದೆ: ಫ್ಯಾನ್ ನಿಂತರೂ ಗಾಡಿ ಓಡುವ ಗಾಳಿಯೇ ನೀರನ್ನು ತಣಿಸಿಬಿಡುತ್ತದೆ, ಸ್ಟ್ಯಾಕ್ ಬಿಸಿಯೇರದೆ ಸೆಲ್‌ಗಳಲ್ಲಿ ಅಲ್ಲೇ ಹುಟ್ಟುವ ನೀರು ಕಟ್ಟಿಕೊಂಡು ವೋಲ್ಟೇಜ್ ಕುಸಿಯುತ್ತದೆ.

ಇನ್ನು ವಾಲ್ವ್. ಇದರಲ್ಲಿ ತಲೆ ತಿನ್ನುವುದು ಒಂದೇ: ತೂಗಾಟ. ಪೂರ್ತಿ ಲೋಡಿನಲ್ಲಿ ಸ್ಟ್ಯಾಕ್‌ಗೆ ಒಳಹೋಗುವ ನೀರನ್ನು 65 ಡಿಗ್ರಿಗೆ ಸರಿಯಾಗಿ ನಿಲ್ಲಿಸುವ ಗಾಡಿ, ಸಿಗ್ನಲ್‌ನಲ್ಲಿ ನಿಂತ ಕೂಡಲೇ ಮೇಲೆ ಕೆಳಗೆ ಹೊಯ್ದಾಡತೊಡಗುತ್ತದೆ. ವಾಲ್ವ್ ಕೆಟ್ಟಿದೆ ಎಂದು ಬದಲಿಸಲು ಹೋಗಬೇಡಿ, ತಪ್ಪು ಪೈಪಿನಲ್ಲಿದೆ. ವಾಲ್ವಿಗೂ ಬಿಸಿ ಅಳೆಯುವ ಸೆನ್ಸರ್‌ಗೂ ನಡುವಿನ 19 ಮಿಲಿಮೀಟರ್ ಒಳವ್ಯಾಸದ ಒಂದು ಮೀಟರ್ ಪೈಪ್ ಸುಮಾರು 0.28 ಲೀಟರ್ ನೀರು ಹಿಡಿಯುತ್ತದೆ. ಪಂಪ್ ನಿಮಿಷಕ್ಕೆ 8 ಲೀಟರ್ ತಳ್ಳುವಾಗ ವಾಲ್ವ್ ಮಾಡಿದ ಬದಲಾವಣೆ 2 ಸೆಕೆಂಡಿಗೆ ಸೆನ್ಸರ್ ಮುಟ್ಟುತ್ತದೆ. ಗಾಡಿ ನಿಂತಾಗ ಪಂಪ್ 3 ಲೀಟರಿಗೆ ಇಳಿದರೆ ಸುಮಾರು 5.7 ಸೆಕೆಂಡ್ ಬೇಕು. ಕಂಟ್ರೋಲರ್ ಅಷ್ಟರಲ್ಲಿ ತಾಳ್ಮೆಗೆಟ್ಟು ವಾಲ್ವನ್ನು ಇನ್ನಷ್ಟು ತಿರುಗಿಸಿರುತ್ತದೆ.

ಮದ್ದು ಹೀಗೆ. ವಾಲ್ವನ್ನು ಸ್ಟ್ಯಾಕ್‌ಗೆ ನೀರು ಒಳಹೋಗುವ ಕಡೆ, ಆದಷ್ಟು ಹತ್ತಿರ ಕೂರಿಸಿ. ಸೆನ್ಸರ್ ಸ್ಟ್ಯಾಕ್‌ನ ಬಾಯಿಯಲ್ಲೇ ಇರಲಿ, ಆದರೆ ಅದಕ್ಕೂ ಮೊದಲು ಬಿಸಿ ತಣ್ಣೀರು ಬೆರೆಯಲು ಒಂದು ತಿರುವು ಬೇಕು. ಪಂಪ್ ಹರಿವು ಇಳಿದಂತೆ ಗೇನ್ (ತಪ್ಪಿಗೆ ಕಂಟ್ರೋಲರ್ ಎಷ್ಟು ಜೋರಾಗಿ ವಾಲ್ವ್ ತಿರುಗಿಸಬೇಕೆಂಬ ಅಳತೆ) ಕೂಡ ಅದೇ ಪ್ರಮಾಣದಲ್ಲಿ ಇಳಿಯಲಿ: 8 ಲೀಟರಿನಲ್ಲಿ ಹೊಂದಿಸಿದ್ದನ್ನು 3 ಲೀಟರಿನಲ್ಲಿ ಎಂಟರಲ್ಲಿ ಮೂರು ಭಾಗಕ್ಕೆ ತನ್ನಿ. ಸೆನ್ಸರ್ ಒಂದನ್ನೇ ನಂಬದೆ ಶಾಖವನ್ನು ಮುಂಚಿತವಾಗಿ ಲೆಕ್ಕ ಹಾಕಿ (ಕರೆಂಟ್ × ಸೆಲ್ ಸಂಖ್ಯೆ × 1.25ರಲ್ಲಿ ಸೆಲ್ ವೋಲ್ಟೇಜ್ ಕಳೆದದ್ದು; ಇಂಧನದ ಶಕ್ತಿಯೆಲ್ಲ ವಿದ್ಯುತ್ತಾದರೆ ಸಿಗುವ ವೋಲ್ಟ್ ಈ 1.25) ವಾಲ್ವನ್ನು ಅಲ್ಲಿಗೆ ಮೊದಲೇ ಒಯ್ದಿಟ್ಟರೆ ಕಂಟ್ರೋಲರ್‌ಗೆ ತಿದ್ದುವ ಕೆಲಸ ಮಾತ್ರ ಉಳಿಯುತ್ತದೆ.

ಮೇ ಮಧ್ಯಾಹ್ನ ಇನ್ನೊಂದು ರೂಪ ಕಾಣುತ್ತದೆ. ವಾಲ್ವ್ ಪೂರ್ತಿ ತೆರೆದು, ಫ್ಯಾನ್ ಪೂರ್ತಿ ತಿರುಗಿದರೂ 65ಕ್ಕೆ ಬಾರದಿದ್ದಾಗ ಕಂಟ್ರೋಲರ್‌ನ ಇಂಟಿಗ್ರಲ್ (ಹಳೆಯ ತಪ್ಪುಗಳನ್ನು ಕೂಡಿಸುತ್ತಾ ಹೋಗುವ ಲೆಕ್ಕ) ಸುಮ್ಮನೆ ಬೆಳೆಯುತ್ತಾ ಹೋಗುತ್ತದೆ. ಲೋಡ್ ಇಳಿದ ಮೇಲೂ ವಾಲ್ವ್ ಮುಚ್ಚದೆ ಸ್ಟ್ಯಾಕ್ ತಣ್ಣಗಾಗುತ್ತದೆ. ವಾಲ್ವ್ ಕೊನೆ ಮುಟ್ಟಿದ ಕೂಡಲೇ ಇಂಟಿಗ್ರಲ್ ನಿಲ್ಲಿಸಿ. ನೀರು ಹೊರಬರುವ ಕಡೆ 75 ದಾಟಿದರೆ ಸ್ಟ್ಯಾಕ್‌ನಿಂದ ಎಳೆಯುವ ಕರೆಂಟ್ ಇಳಿಸಿ.

ಚಳಿಗಾಲದಲ್ಲಿ ರೇಡಿಯೇಟರ್‌ನೊಳಗಿನ ತಣ್ಣೀರು ಒಮ್ಮೆಲೇ ನುಗ್ಗದಂತೆ ಮೊದಲ ತೆರೆತ ನಿಧಾನವಾಗಿರಲಿ.

ನಮ್ಮ ಕಡೆ ನೀರು ಹೆಪ್ಪುಗಟ್ಟುವುದಿಲ್ಲ, ಸ್ಟ್ಯಾಕ್ ತಯಾರಕರು ಒಪ್ಪಿದರೆ ಗ್ಲೈಕಾಲ್ ಬಿಟ್ಟು ಅಯಾನು (ಕರಗಿದ ಲವಣಾಂಶ) ತೆಗೆದ ನೀರೇ ಸಾಕು. ಮನೆಯ ಆರ್‌ಒ ನೀರು ಸಾಲದು. ತೊಗರಿ ರಾಶಿಯ ದಿನಗಳಲ್ಲಿ ರೇಡಿಯೇಟರ್‌ನ ಹೊಟ್ಟನ್ನು ವಾರಕ್ಕೊಮ್ಮೆ ಒಳಗಿನಿಂದ ಹೊರಕ್ಕೆ ಊದಿ ತೆಗೆಯಿರಿ.

ಒಂದೇ ಲೋಡಿನಲ್ಲಿ ನಿಂತಲ್ಲೇ ಓಡುವ ಸೆಟ್‌ಗಾದರೆ ಪಂಪ್-ಫ್ಯಾನ್ ಸಾಕು, ವಾಲ್ವಿನ ಖರ್ಚು ಉಳಿಸಿ. ರಸ್ತೆಗಿಳಿಯುವ ಗಾಡಿಗೆ ಫ್ಯಾನ್ ಒಂದು ಮಟ್ಟ ಕಡಿಮೆಯದು ಕೊಂಡರೂ ಸರಿ, ವಾಲ್ವ್ ಮಾತ್ರ ತಾನಿರುವ ಕೋನ ತಿಳಿಸುವಂಥದ್ದು, ಕರೆಂಟ್ ಹೋದರೆ ಸ್ಪ್ರಿಂಗ್ ಬಲದಿಂದ ರೇಡಿಯೇಟರ್ ಕಡೆ ತೆರೆದುಕೊಳ್ಳುವಂಥದ್ದನ್ನೇ ಕೇಳಿ ತನ್ನಿ.