ತಪ್ಪು ಒಪ್ಪಲು, ತಪ್ಪು ಹೊರಿಸಲು: ಸ್ಪ್ಯಾನಿಷ್ ಅಕಾಡೆಮಿಯ ಆನ್‌ಲೈನ್ ನಿಘಂಟು ಎಷ್ಟು ಉಪಯುಕ್ತ?

1713ರಲ್ಲಿ ಹುಟ್ಟಿದ ರಾಯಲ್ ಸ್ಪ್ಯಾನಿಷ್ ಅಕಾಡೆಮಿಯ ನಿಘಂಟು ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. 2014ರ 23ನೇ ಆವೃತ್ತಿಯೇ ಅದರ ಬುನಾದಿ. ವಿವರಣೆಯೆಲ್ಲ ಸ್ಪ್ಯಾನಿಷ್‌ನಲ್ಲೇ ಇರುವುದರಿಂದ ತೀರಾ ಹೊಸಬರಿಗೆ ಕೈಗೆಟುಕದು. ಒಂದಿಷ್ಟು ಓದಲು ಬಂದವರು ಮಾತ್ರ ಇದನ್ನು ಬಿಡಬಾರದು.

'ಕುಲ್ಪ' (ತಪ್ಪು, ಅಪರಾಧ) ಎಂದು ಹುಡುಕಿದರೆ ಹಲವರು ಮೊದಲ ಅರ್ಥ ನೋಡಿ ಪುಟ ಮುಚ್ಚುತ್ತಾರೆ. ಕೆಳಗಿನ ನುಡಿಗಟ್ಟುಗಳವರೆಗೂ ಹೋಗಿ. ದಿನಬಳಕೆಯಲ್ಲಿ ತಪ್ಪು ಹೊರಿಸುವುದಕ್ಕೆ 'ಎಚಾರ್ ಲಾ ಕುಲ್ಪ' ಎಂಬುದೇ ಹೆಚ್ಚು. ಅದೇ ಅರ್ಥದ 'ಕುಲ್ಪಾರ್' ಸ್ವಲ್ಪ ಬರಹದ ಭಾಷೆ. ಯಾರ ಮೇಲೆ ಹೊರಿಸುತ್ತೀರೋ ಅವರ ಹೆಸರಿನ ಮುಂದೆ 'ಆ' ಬರಬೇಕು, ಯಾವುದಕ್ಕೆಂದು ಹೇಳಲು 'ದೆ': 'ಮೆ ಎಚಾನ್ ಲಾ ಕುಲ್ಪ ದೆ ತೋದೊ', ಅಂದರೆ ಎಲ್ಲದಕ್ಕೂ ನನ್ನನ್ನೇ ದೂರುತ್ತಾರೆ. 'ಪೋರ್ ಕುಲ್ಪ ದೆ' (ಇಂಥವರ ತಪ್ಪಿನಿಂದ) ಕೆಟ್ಟ ಪರಿಣಾಮಕ್ಕೆ ಮಾತ್ರ. ಒಳ್ಳೆಯದಾಗಿದ್ದರೆ 'ಗ್ರಾಸಿಯಾಸ್ ಆ' (ಇಂಥವರ ದಯೆಯಿಂದ).

ಕಲಿಯುವವರು ಹೆಚ್ಚು ಎಡವುವುದು 'ಕುಲ್ಪಾಬ್ಲೆ'ಯಲ್ಲಿ. 'ಸೋಯ್ ಕುಲ್ಪಾಬ್ಲೆ' ಅಂದರೆ ನಾನೇ ತಪ್ಪಿತಸ್ಥ. ಮನಸ್ಸಿಗೆ ಚುಚ್ಚುತ್ತಿದೆ ಎನ್ನಲು 'ಮೆ ಸಿಯೆಂತೊ ಕುಲ್ಪಾಬ್ಲೆ' ಬೇಕು. ಇಂಥ ವ್ಯತ್ಯಾಸವನ್ನು ನಿಘಂಟು ಬಿಡಿಸಿ ಹೇಳುವುದಿಲ್ಲ. ಇದು ದೊಡ್ಡ ಕೊರತೆ. ಯಾವ ಪದದ ಜೊತೆ 'ಆ' ಬೇಕು, ಯಾವುದರ ಜೊತೆ 'ದೆ' ಬೇಕು ಎಂಬಂಥ ಅನುಮಾನಕ್ಕೆ ಅದೇ ಅಕಾಡೆಮಿಯ 'ಪಾನಿಸ್ಪಾನಿಕೊ ದೆ ದೂದಾಸ್' ನಿಘಂಟನ್ನು ಪಕ್ಕದಲ್ಲೇ ತೆರೆದಿಟ್ಟುಕೊಳ್ಳಿ, ಅದೂ ಉಚಿತ.

ತಪ್ಪನ್ನು ತಗ್ಗಿಸಿ ಹೇಳುವ ವಾಕ್ಯರಚನೆಯೂ ಇಲ್ಲಿ ಸಿಗದು. 'ರೊಂಪಿ ಎಲ್ ವಾಸೊ' ಅಂದರೆ ಲೋಟ ಒಡೆದೆ. 'ಸೆ ಮೆ ರೊಂಪಿಯೊ ಎಲ್ ವಾಸೊ' ಅಂದರೆ ನನ್ನ ಕೈಯಲ್ಲಿ ಲೋಟ ಒಡೆದುಹೋಯಿತು. ಕನ್ನಡದವರಿಗೆ ಈ ರೀತಿ ಹೊಸದಲ್ಲ, ಬೇಗ ಹಿಡಿಯುತ್ತದೆ. ಆದರೆ ವ್ಯಾಕರಣ ಪುಸ್ತಕದಿಂದಲೇ ಕಲಿಯಬೇಕು.

ಕ್ರಿಯಾಪದಗಳ ವಿಷಯದಲ್ಲಿ ಮಾತ್ರ ನಿಘಂಟಿಗೆ ಪೂರ್ಣ ಅಂಕ. ಪಶ್ಚಾತ್ತಾಪದ 'ಅರ್ರೆಪೆಂತಿರ್ಸೆ' ತೆರೆದರೆ, 'ಸೆ' (ನಾನು ಎಂದಾಗ 'ಮೆ', ನಾವು ಎಂದಾಗ 'ನೊಸ್') ಇಲ್ಲದೆ ಬಳಸಬಾರದೆಂದು ಆರಂಭದ ಗುರುತೇ ತಿಳಿಸುತ್ತದೆ. ರೂಪಗಳ ಪಟ್ಟಿಯನ್ನೂ ತೆರೆಯಿರಿ: ವರ್ತಮಾನದಲ್ಲಿ 'ಎ' ಹೋಗಿ 'ಇಯೆ' ಆಗುವುದು ಅಲ್ಲಿ ಕಾಣುತ್ತದೆ. ಹಾಗಾಗಿ 'ಮೆ ಅರ್ರೆಪಿಯೆಂತೊ ದೆ ಅಬೆರ್ಲೊ ಎಚೊ', ಹಾಗೆ ಮಾಡಿದ್ದಕ್ಕೆ ಪಶ್ಚಾತ್ತಾಪವಿದೆ. ಆದರೆ 'ನಾವು' ಬಂದಾಗ ಆ ಬದಲಾವಣೆ ಇಲ್ಲ, 'ನೊಸ್ ಅರ್ರೆಪೆಂತಿಮೊಸ್'.