ಹಳೇ ಕಾರಿನ ‘ಟಕ್ ಟಕ್’: ಕೊಡಗಿನ ರಸ್ತೆಯಲ್ಲಿ ಒಂಬತ್ತು ವರ್ಷ ಓಡಿಸಿದ ಮೇಲೆ

ನನ್ನದು 2011ರ ಮಾಡೆಲ್ ಪೆಟ್ರೋಲ್ ಹ್ಯಾಚ್‌ಬ್ಯಾಕ್. 2016ರಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡಾಗ 52 ಸಾವಿರ ಕಿ.ಮೀ. ಓಡಿತ್ತು. ಈಗ 1 ಲಕ್ಷ 41 ಸಾವಿರ. ಮನೆ ಸುಂಟಿಕೊಪ್ಪದ ಹತ್ತಿರ, ತೋಟದೊಳಗೆ. ಟಾರು ರಸ್ತೆ ಸೇರಬೇಕಾದರೆ ಎರಡು ಕಿ.ಮೀ. ಕಲ್ಲು ದಾರಿ. ಎಂಜಿನ್ ಬಗ್ಗೆ ದೂರಿಲ್ಲ, ಈಗಲೂ ಒಂದೇ ಸೆಲ್ಫ್‌ಗೆ ಸ್ಟಾರ್ಟ್. ತಲೆ ತಿಂದಿದ್ದೆಲ್ಲ ಕೆಳಗಿನ ಸದ್ದು.

ಮೊದಲು ಎಡಗಡೆ ಮುಂದಿನ ಚಕ್ರದ ಹತ್ತಿರ ‘ಟಕ್ ಟಕ್’ ಶುರುವಾಯಿತು. ಪೇಟೆಯ ಗ್ಯಾರೇಜಿನವರು ಒಂದು ಸುತ್ತು ಓಡಿಸಿ, “ಶಾಕ್ ಅಬ್ಸಾರ್ಬರ್ ಹೋಗಿದೆ ಸರ್, ಎರಡೂ ಹಾಕಿಸಿಬಿಡಿ” ಅಂದರು. ಹಾಕಿಸಿದೆ. ಏಳು ಸಾವಿರ ಹೋಯಿತು. ಮನೆ ಗೇಟು ತಲುಪುವಷ್ಟರಲ್ಲಿ ಮತ್ತೆ ಅದೇ ಸದ್ದು. ಹೆಂಡತಿ ಏನೂ ಹೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದಳು.

ಆಮೇಲೆ ಗಮನ ಕೊಟ್ಟು ಕೇಳಿದೆ. ಹಂಪ್ ಮೇಲೆ ಎರಡೂ ಚಕ್ರ ಒಟ್ಟಿಗೆ ಹತ್ತಿದರೆ ಸದ್ದಿಲ್ಲ. ಒಂದೇ ಚಕ್ರ ಗುಂಡಿಗೆ ಇಳಿದರೆ ‘ಟಕ್’. ಇದನ್ನು ಕುಶಾಲನಗರದ ಒಬ್ಬರು ಹಳೇ ಮೆಕ್ಯಾನಿಕ್‌ಗೆ ಹೇಳಿದೆ. ಅವರು ಜಾಕಿಯನ್ನೇ ಹಾಕಲಿಲ್ಲ. ಸ್ಟೇರಿಂಗ್ ಪೂರ್ತಿ ತಿರುಗಿಸಿ, ಚಕ್ರದ ಹಿಂದೆ ಕೈ ಹಾಕಿ, ಲಿಂಕ್ ರಾಡ್ (ಸ್ಟೆಬಿಲೈಸರ್ ಬಾರನ್ನು ಚಕ್ರದ ಕಡೆಗೆ ಸೇರಿಸುವ ಸಣ್ಣ ಸರಳು) ಹಿಡಿದು ಅಲ್ಲಾಡಿಸಿದರು. “ನೀವೇ ಹಿಡಿದು ನೋಡಿ” ಅಂದರು. ಸಡಿಲವಾದ ಹಲ್ಲಿನ ಹಾಗೆ ಆಡುತ್ತಿತ್ತು. ಎರಡೂ ಚಕ್ರ ಒಟ್ಟಿಗೆ ಎದ್ದರೆ, ಎಡ-ಬಲ ಚಕ್ರಗಳನ್ನು ಜೋಡಿಸುವ ಈ ಸ್ಟೆಬಿಲೈಸರ್ ಬಾರ್ ತಿರುಚುವುದಿಲ್ಲ, ಲಿಂಕ್ ಮೇಲೆ ಭಾರವೂ ಬೀಳುವುದಿಲ್ಲ. ಒಂದೇ ಕಡೆ ಜಾಕಿ ಹಾಕಿದರೆ ಬಾರ್ ಬಿಗಿಯಾಗಿ ಸಡಿಲ ಇರುವುದೇ ಗೊತ್ತಾಗುವುದಿಲ್ಲವಂತೆ. ಜೋಡಿ ಲಿಂಕ್ ರಾಡ್ ಹಾಕಿಸಿದ್ದಕ್ಕೆ ಮಜೂರಿ ಸೇರಿ 1,400 ರೂಪಾಯಿ ಆಯಿತು. ನನ್ನ ಹಳೇ ಶಾಕ್‌ಗಳಲ್ಲಿ ಎಣ್ಣೆ ಸೋರಿದ ಗುರುತೂ ಇರಲಿಲ್ಲ. ಇನ್ನೂ ಶೆಡ್ಡಿನಲ್ಲಿ ಬಿದ್ದಿವೆ.

ಬ್ರೇಕ್ ಕತೆ ಬೇರೆ. ಮಳೆಗಾಲದಲ್ಲಿ ರಾತ್ರಿ ಹೊರಗೆ ನಿಲ್ಲಿಸಿದರೆ ಬೆಳಿಗ್ಗೆ ಮೊದಲ ಬ್ರೇಕಿಗೆ ‘ಕರ್ರ್’ ಅನ್ನುತ್ತದೆ. ಬ್ರೇಕ್ ಡಿಸ್ಕ್ (ಚಕ್ರದ ಜೊತೆ ತಿರುಗುವ ತಟ್ಟೆ) ಮೇಲಿನ ತೆಳು ತುಕ್ಕು ಅಷ್ಟೇ, ನಾಲ್ಕೈದು ಸಲ ಒತ್ತಿದರೆ ಹೋಗುತ್ತದೆ. ನಾನು ಎಲ್ಲ ಸದ್ದನ್ನೂ ಇದೇ ಲೆಕ್ಕಕ್ಕೆ ಹಾಕಿದ್ದು ತಪ್ಪಾಯಿತು. 2022ರ ಜುಲೈನಲ್ಲಿ ಸಂಪಾಜೆ ಘಾಟಿ ಇಳಿಯುವಾಗ ಸದ್ದು ಹೋಗಲೇ ಇಲ್ಲ, ಪೆಡಲ್‌ನಲ್ಲೂ ಗರಗರ. ಚಕ್ರ ಬಿಚ್ಚಿದರೆ ಹೊರಗಿನ ಪ್ಯಾಡ್ ಅರ್ಧ ಉಳಿದಿದೆ, ಒಳಗಿನದು ಸವೆದು ತಗಡು ಡಿಸ್ಕಿಗೆ ಉಜ್ಜುತ್ತಿದೆ! ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಸರಿದಾಡುವ ಪಿನ್ನಿನ ರಬ್ಬರ್ ಹರಿದು, ಕೆಸರು ನೀರು ಹೋಗಿ ಪಿನ್ ಜಾಮ್ ಆಗಿತ್ತು. ನಾನು ಯಾವಾಗಲೂ ಚಕ್ರದ ಸಂದಿಯಿಂದ ಹೊರಗಿನ ಪ್ಯಾಡ್ ಮಾತ್ರ ನೋಡುತ್ತಿದ್ದೆ. ಡಿಸ್ಕ್ ಕೂಡ ಬದಲಾಯಿಸಬೇಕಾಯಿತು. ಈಗ ಪ್ರತಿ ವರ್ಷ ಮೇ ತಿಂಗಳಲ್ಲಿ ಪಿನ್ ಬಿಚ್ಚಿಸಿ ಬ್ರೇಕ್ ಗ್ರೀಸ್ ಹಾಕಿಸುತ್ತೇನೆ. ಮಾಮೂಲಿ ಗ್ರೀಸ್ ಬೇಡ, ರಬ್ಬರ್ ಊದಿಕೊಳ್ಳುತ್ತದೆ.

ಸದ್ದು ಸಸ್ಪೆನ್ಷನ್‌ದೋ ಬ್ರೇಕ್‌ದೋ ಗೊತ್ತಾಗದಿದ್ದರೆ ಖಾಲಿ ರಸ್ತೆಯಲ್ಲಿ ನಿಧಾನಕ್ಕೆ ಹೋಗುತ್ತಾ ಬ್ರೇಕ್ ಹಗುರವಾಗಿ ಒತ್ತಿ ಹಿಡಿಯಿರಿ. ಕಟಕಟ ನಿಂತರೆ ಪ್ಯಾಡೋ ಕ್ಯಾಲಿಪರೋ ಸಡಿಲವಾಗಿದೆ ಅಂತ ಅನುಮಾನ. ಕಿರ್ ಕಿರ್ ಅನ್ನುವ ಬುಶ್ (ಸಸ್ಪೆನ್ಷನ್ ಕೀಲಿನ ರಬ್ಬರ್) ಮೇಲೆ ಸೋಪು ನೀರು ಹಾಕಿ, ಸ್ವಲ್ಪ ಹೊತ್ತು ಸುಮ್ಮನಾದರೆ ಕಳ್ಳ ಅದೇ. ಕೆಲವರು ಹಳೇ ಎಂಜಿನ್ ಆಯಿಲ್ ಸುರಿಯುತ್ತಾರೆ, ರಬ್ಬರ್ ಹಾಳಾಗುತ್ತದೆ. ಸ್ಪೀಡ್ ಜಾಸ್ತಿ ಆದ ಹಾಗೆ ಏರುವ ‘ಹೂಂ’ ಸದ್ದು ಹೆಚ್ಚಾಗಿ ವೀಲ್ ಬೇರಿಂಗ್‌ದು. ಬರೀ ಜಾಕಿ ನಂಬಿ ಮಾತ್ರ ಕಾರಿನ ಕೆಳಗೆ ಹೋಗಬೇಡಿ.

ಈ ಕಾರಿಗೆ ಐದರಲ್ಲಿ ನಾಲ್ಕು ಕೊಡುತ್ತೇನೆ. ಕಳೆದ ವಾರದಿಂದ ಹಿಂದಿನಿಂದ ಹೊಸ ಕಟಕಟ ಕೇಳಿಸುತ್ತಿದೆ. ಈ ಸಲ ಗ್ಯಾರೇಜಿಗೆ ಓಡಲಿಲ್ಲ. ಡಿಕ್ಕಿ ತೆಗೆದು ಸ್ಟೆಪ್ನಿ, ಜಾಕಿ, ಸ್ಪ್ಯಾನರ್ ಎಲ್ಲ ಹೊರಗಿಟ್ಟಿದ್ದೇನೆ. ನಾಳೆ ಮಡಿಕೇರಿಗೆ ಹೋಗಿ ಬಂದರೆ ಗೊತ್ತಾಗುತ್ತದೆ. ಪಂಚರ್ ಆಗದಿದ್ದರೆ ಸಾಕು.