ಹದಿನೈದು ದಿನದಲ್ಲಿ ಎನ್‌ಡಿಟಿ ಲೆವೆಲ್ 2: ಮೆಟಲರ್ಜಿ ಓದಿದವರೇ, ದುಡ್ಡು ಕಟ್ಟುವ ಮುಂಚೆ ಓದಿ

ಮೆಟಲರ್ಜಿ ಬಿ.ಇ. ಮುಗಿಸಿ ಕೆಲಸ ಹುಡುಕುತ್ತಿದ್ದಾಗ ಬೆಂಗಳೂರಿನ ಒಂದು ಸಂಸ್ಥೆಯಿಂದ ಫೋನ್ ಬಂತು. ಹದಿನೈದು ದಿನದ ತರಬೇತಿ, ಐದು ವಿಧಾನದಲ್ಲಿ ಎನ್‌ಡಿಟಿ (ವಸ್ತುವನ್ನು ಒಡೆಯದೆ ಅದರ ದೋಷ ಹುಡುಕುವ ಪರೀಕ್ಷೆ) ಲೆವೆಲ್ 2 ಸರ್ಟಿಫಿಕೇಟ್, ಗಲ್ಫ್‌ನಲ್ಲಿ ಕೆಲಸ ಗ್ಯಾರಂಟಿ ಅಂದರು. ಅಪ್ಪ ಸಾಲ ಮಾಡಿ ಫೀಸು ಕಟ್ಟಿದರು.

ಇಡೀ ಬ್ಯಾಚಿಗೆ ಇದ್ದದ್ದು ಶಬ್ದದ ಅಲೆ ಕಳಿಸಿ ದೋಷ ಹುಡುಕುವ ಒಂದೇ ಅಲ್ಟ್ರಾಸಾನಿಕ್ ಮಷೀನು. ಮೇಷ್ಟ್ರು ಮೊದಲೇ ಕ್ಯಾಲಿಬ್ರೇಟ್ ಮಾಡಿ ಇಟ್ಟಿರುತ್ತಿದ್ದರು. ನಾವು ಗ್ರೀಸ್ ಸವರಿ ಪ್ರೋಬ್ ಆಡಿಸಿ, ಮುಂದಿನವನ ಕೈಗೆ ಕೊಡುವುದು ಅಷ್ಟೇ. ರೇಡಿಯೋಗ್ರಫಿ ಅಂದರೆ ಹಳೇ ಫಿಲ್ಮ್ ನೋಡುವುದು. ಆದರೂ ಸರ್ಟಿಫಿಕೇಟಿನಲ್ಲಿ ಐದೂ ವಿಧಾನ ಇತ್ತು.

ಗಲ್ಫ್ ಕೆಲಸದ ಸುದ್ದಿಯೇ ಇಲ್ಲ. ಪೀಣ್ಯದ ಒಂದು ಫ್ಯಾಬ್ರಿಕೇಶನ್ ಕಂಪನಿಗೆ ಇಂಟರ್‌ವ್ಯೂಗೆ ಹೋದೆ. ಕ್ಯೂಸಿ ಮ್ಯಾನೇಜರ್ ನನ್ನ ಮುಂದೆ ವಿ1 ಬ್ಲಾಕ್ (ಅಲ್ಟ್ರಾಸಾನಿಕ್ ಮಷೀನು ಕ್ಯಾಲಿಬ್ರೇಟ್ ಮಾಡುವ ಉಕ್ಕಿನ ತುಂಡು) ಇಟ್ಟು, 100 ಎಂಎಂ ರೇಡಿಯಸ್‌ನಿಂದ ಎಕೋ ತೆಗೆದು ತೋರಿಸಪ್ಪ ಅಂದರು. ಕ್ಲಾಸಿನಲ್ಲಿ ಯಾರೂ ಅದನ್ನು ಮಾಡಿಸಿರಲಿಲ್ಲ. ಆಮೇಲೆ ಅನುಭವದ ಲಾಗ್ ಬುಕ್ ಮತ್ತು ಕಣ್ಣಿನ ಪರೀಕ್ಷೆಯ ವರದಿ ಕೇಳಿದರು. ಎರಡೂ ಸಂಸ್ಥೆಯವರು ಕೊಟ್ಟಿರಲಿಲ್ಲ.

ಅವತ್ತು ಅವರೇ ಕೂರಿಸಿಕೊಂಡು ವಿವರಿಸಿದರು. ಸರ್ಟಿಫಿಕೇಟಿನಲ್ಲಿ ಬರೆದಿರುವ ಎಸ್‌ಎನ್‌ಟಿ-ಟಿಸಿ-1ಎ, ಅಂದರೆ ಅಮೆರಿಕದ ಎನ್‌ಡಿಟಿ ಸಂಘ ಎಎಸ್‌ಎನ್‌ಟಿಯ ಪದ್ಧತಿಯಲ್ಲಿ ನಮ್ಮನ್ನು ಸರ್ಟಿಫೈ ಮಾಡುವ ಜವಾಬ್ದಾರಿ ಕೆಲಸ ಕೊಡುವ ಕಂಪನಿಯದು. ಅಲ್ಟ್ರಾಸಾನಿಕ್ ಲೆವೆಲ್ 2ಕ್ಕೇ 630 ಗಂಟೆ ಕೆಲಸ ಮಾಡಿದ ಅನುಭವ ಬೇಕು ಅಂತ ಅದರಲ್ಲಿದೆ. ಹದಿನೈದು ದಿನದಲ್ಲಿ ಐದು ವಿಧಾನ ಎಲ್ಲಿಂದ ಬರಬೇಕು ಹೇಳಿ? ರೇಡಿಯೋಗ್ರಫಿಗೆ ಬಳಸುವ, ವಿಕಿರಣ ಸೂಸುವ ಇರಿಡಿಯಂ ಸೋರ್ಸ್ ಮುಟ್ಟಬೇಕಾದರೆ ಅಣುಶಕ್ತಿ ನಿಯಂತ್ರಣ ಮಂಡಳಿ, ಅಂದರೆ ಎಇಆರ್‌ಬಿ, ಒಪ್ಪುವ ಬೇರೆಯದೇ ತರಬೇತಿ ಆಗಿರಬೇಕು. ಇಷ್ಟು ಗೊತ್ತಿರುವ ಸಂಸ್ಥೆಯವರು ಹೊಸ ಹುಡುಗರಿಗೆ ಇದನ್ನು ಹೇಳದೆ ದುಡ್ಡು ಇಸ್ಕೊಳ್ಳುವುದು ಶುದ್ಧ ಮೋಸ.

ಫೀಸು ವಾಪಸ್ ಕೇಳಿದರೆ ಅಗ್ರಿಮೆಂಟ್ ತೋರಿಸಿದರು. ಬಾಯಲ್ಲಿ ಹೇಳಿದ ಗ್ಯಾರಂಟಿ ಅಲ್ಲಿ ‘ಉದ್ಯೋಗಕ್ಕೆ ನೆರವು’ ಆಗಿತ್ತು.

ಎನ್‌ಡಿಟಿ ಒಳ್ಳೇ ಕೆಲಸ, ಅದನ್ನು ಬಿಡಿ ಅಂತ ಹೇಳುತ್ತಿಲ್ಲ. ಆದರೆ ಮೊದಲು ಬೆಳಗಾವಿ, ಶಿವಮೊಗ್ಗ ಕಡೆಯ ಫೌಂಡ್ರಿಯಲ್ಲೋ ಹೀಟ್ ಟ್ರೀಟ್‌ಮೆಂಟ್ ಶಾಪಿನಲ್ಲೋ ಸೇರಿಕೊಳ್ಳಿ, ಸಂಬಳ ಕಡಿಮೆಯಾದರೂ ಪರವಾಗಿಲ್ಲ. ಮೈಕ್ರೋಸ್ಟ್ರಕ್ಚರ್ ನೋಡುವುದು, ಹಾರ್ಡ್‌ನೆಸ್ ತೆಗೆಯುವುದು, ರಿಜೆಕ್ಷನ್‌ಗೆ ಕಾರಣ ಹುಡುಕುವುದು ಅಲ್ಲೇ ಕೈಗೆ ಹತ್ತುತ್ತದೆ. ಕೋರ್ಸ್ ಮಾಡಲೇಬೇಕು ಅಂದರೆ, ಸಹಿ ಹಾಕುವ ಲೆವೆಲ್ 3 (ಎಲ್ಲಕ್ಕಿಂತ ಮೇಲಿನ ಹಂತದ ತಜ್ಞರು) ಯಾರು ಅಂತ ಕೇಳಿ, ಅವರ ಸರ್ಟಿಫಿಕೇಟ್ ನಂಬರ್ ಎಎಸ್‌ಎನ್‌ಟಿ ವೆಬ್‌ಸೈಟಿನಲ್ಲಿ ನೋಡಿ. ಒಬ್ಬೊಬ್ಬರಿಗೆ ಮಷೀನು ಎಷ್ಟು ಗಂಟೆ ಸಿಗುತ್ತದೆ ಅಂತ ಬರೆಸಿಕೊಳ್ಳಿ.

ಈಗಾಗಲೇ ದುಡ್ಡು ಕಟ್ಟಿ ಸಿಕ್ಕಿಹಾಕಿಕೊಂಡಿದ್ದರೆ ರಸೀದಿ, ವಾಟ್ಸಾಪ್ ಮೆಸೇಜು ಯಾವುದನ್ನೂ ಅಳಿಸಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಿ.